ಗೇಮ್ ಸಲೀಸು, ರೆಕಾರ್ಡಿಂಗ್ ಮಾತ್ರ ಕುಂಟುವುದೇಕೆ?

ಆಡುವಾಗ ಒಂದು ಸಲವೂ ತಡವರಿಸಿರಲಿಲ್ಲ. ಕೊನೆಯ ತಿರುವಿನಲ್ಲಿ ಮುಂದಿದ್ದ ಕಾರನ್ನು ಹಿಂದೆ ಹಾಕಿದ್ದು, ಗೆರೆ ದಾಟಿದ್ದು ಎಲ್ಲ ನೀರು ಹರಿದಂತೆ ಇತ್ತು. ಆ ಖುಷಿಯಲ್ಲೇ ರೆಕಾರ್ಡಿಂಗ್ ತೆರೆದರೆ, ಅದೇ ಕಾರು ಕಪ್ಪೆಯ ಹಾಗೆ ಕುಪ್ಪಳಿಸಿಕೊಂಡು ಹೋಗುತ್ತಿದೆ. ರಸ್ತೆ ಬದಿಯ ಬೇಲಿ ಸಾಗುತ್ತಿಲ್ಲ, ಜಿಗಿಯುತ್ತಿದೆ. ನಾನು ಮೊದಲ ಸಲ ಗೆದ್ದ ರೇಸ್‌ನ ಗತಿ ಇದು.

ಗೇಮ್ ರೆಕಾರ್ಡ್ ಮಾಡಲು ಕೂತ ತುಂಬಾ ಜನರಿಗೆ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ. ‘ಕಂಪ್ಯೂಟರ್‌ಗೆ ತಾಕತ್ತು ಸಾಲದು, ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕು’ ಅಂತ ಮೊದಲು ಅನ್ನಿಸುತ್ತದೆ. ಕೆಲವೊಮ್ಮೆ ಅದು ನಿಜವೂ ಹೌದು. ನನಗೆ ಆದದ್ದು ಮಾತ್ರ ಉಲ್ಟಾ. ಕಾರ್ಡ್ ಬೇಕಾದ್ದಕ್ಕಿಂತ ಜಾಸ್ತಿ ಚಿತ್ರ ತಯಾರಿಸುತ್ತಿತ್ತು, ತೊಂದರೆ ಶುರುವಾದದ್ದೇ ಅಲ್ಲಿಂದ. ಅದು ಹೇಗೆ ಅಂತ ತಿಳಿಯಬೇಕಾದರೆ, ಪರದೆಯ ಮೇಲಿನ ಒಂದು ಚಿತ್ರ ಫೈಲಿನೊಳಗೆ ಹೋಗಿ ಕೂರುವ ತನಕ ಅದರ ಬೆನ್ನು ಹಿಡಿದು ಹೋಗಬೇಕು.

## ಗಡಿಯಾರ ನೋಡಿಕೊಂಡು ಕೆಲಸ

ವಿಡಿಯೊ ಅಂದರೆ ಬೇಗ ಬೇಗ ಬದಲಾಗುವ ನಿಂತ ಚಿತ್ರಗಳ ಸಾಲು. ಒಂದೊಂದು ಚಿತ್ರಕ್ಕೂ ಫ್ರೇಮ್ ಅನ್ನುತ್ತಾರೆ. ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕವೇ ಎಫ್‌ಪಿಎಸ್. 60 ಎಫ್‌ಪಿಎಸ್ ಅಂದರೆ ಒಂದು ಫ್ರೇಮಿಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಮಿಲಿಸೆಕೆಂಡ್ ಎಂಬುದು ಸೆಕೆಂಡಿನ ಸಾವಿರ ಪಾಲಿನಲ್ಲಿ ಒಂದು ಪಾಲು. ಕಣ್ಣು ಒಮ್ಮೆ ಮಿಟುಕಿಸುವಷ್ಟರಲ್ಲಿ ಐದಾರು ಫ್ರೇಮಾದರೂ ದಾಟಿ ಹೋಗಿರುತ್ತವೆ.

ಗೇಮಿಗೂ ರೆಕಾರ್ಡರಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಗೇಮ್ ತನಗೆ ಆದಾಗ ಚಿತ್ರ ಬಿಡಿಸುತ್ತದೆ. ಎದುರಿಗೆ ಬರಿ ಗೋಡೆ ಇದ್ದರೆ ಬೇಗ. ಹೊಗೆ, ಬೆಂಕಿ, ಹತ್ತು ಜನ ಶತ್ರುಗಳು ಒಟ್ಟಿಗೆ ಬಂದರೆ ನಿಧಾನ. ರೆಕಾರ್ಡರ್ ಹಾಗಲ್ಲ, ಅದು ಗಡಿಯಾರ ನೋಡಿಕೊಂಡು ಕೆಲಸ ಮಾಡುತ್ತದೆ. ಪ್ರತಿ 16.7 ಮಿಲಿಸೆಕೆಂಡಿಗೆ ಅದರ ಕೈಗೆ ಒಂದು ಫ್ರೇಮ್ ಬರಲೇಬೇಕು.

ಬರದಿದ್ದರೆ? ಹಳೆಯ ಫ್ರೇಮನ್ನೇ ಇನ್ನೊಮ್ಮೆ ಇಟ್ಟು ಜಾಗ ತುಂಬುತ್ತದೆ. ಒಬಿಎಸ್ ಸ್ಟುಡಿಯೊದಂಥ ರೆಕಾರ್ಡರುಗಳು ಮಾಡುವುದು ಇದನ್ನೇ. ಆದ್ದರಿಂದ ಫೈಲಿನ ಪ್ರಾಪರ್ಟೀಸ್ ತೆಗೆದು ‘60 ಅಂತ ಇದೆಯಲ್ಲ’ ಎಂದು ಸಮಾಧಾನ ಪಟ್ಟುಕೊಂಡರೆ ಏನೂ ಗೊತ್ತಾಗುವುದಿಲ್ಲ. 60ರಲ್ಲಿ 20 ಫ್ರೇಮ್ ನಕಲಾಗಿದ್ದರೂ ಅಲ್ಲಿ 60 ಅಂತಲೇ ಇರುತ್ತದೆ. ಕಣ್ಣಿಗೆ ಕಾಣುವ ಕುಂಟು ಅಂದರೆ ಈ ನಕಲುಗಳೇ: ಚಿತ್ರ ಒಂದು ಗಳಿಗೆ ನಿಂತು, ಆಮೇಲೆ ಎರಡು ಹೆಜ್ಜೆ ಒಟ್ಟಿಗೆ ಹಾಕುತ್ತದೆ.

ಒಂದು ಗೊಂದಲವನ್ನು ಈಗಲೇ ಬಿಡಿಸಿಕೊಳ್ಳೋಣ. ಚಿತ್ರ ಚೌಕ ಚೌಕವಾಗಿ ಒಡೆದಂತೆ, ಮಸುಕಾದಂತೆ ಕಂಡರೆ ಅದು ಬೇರೆ ಕಾಯಿಲೆ. ಫೈಲಿಗೆ ಸೆಕೆಂಡಿಗೆ ಎಷ್ಟು ಮಾಹಿತಿ ಬರೆಯಬಹುದು ಅನ್ನುವ ಮಿತಿ, ಅಂದರೆ ಬಿಟ್‌ರೇಟ್, ಕಡಿಮೆ ಇದೆ ಅಂತ ಅರ್ಥ. ಕುಂಟುವ ವಿಡಿಯೊಗೆ ಸುಮ್ನೆ ಬಿಟ್‌ರೇಟ್ ಏರಿಸಿದರೆ ಅದೇ ಕುಂಟು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ.

## ಮೂರು ಕೈ ದಾಟಬೇಕು

ಒಂದು ಕೋಣೆಯಿಂದ ಬಟ್ಟೆಗಳು ಒಂದೇ ಸಮನೆ ಬರುತ್ತಿವೆ ಅಂದುಕೊಳ್ಳಿ. ಮೊದಲನೆಯವನು ಎತ್ತಿಕೊಡುತ್ತಾನೆ. ಎರಡನೆಯವನು ಮಡಚಿ ಚಿಕ್ಕದು ಮಾಡುತ್ತಾನೆ. ಮೂರನೆಯವನು ಕಪಾಟಿನಲ್ಲಿ ಇಡುತ್ತಾನೆ. ಮೂವರಲ್ಲಿ ಯಾರೊಬ್ಬ ಸೋತರೂ ಸಾಲು ನಿಲ್ಲುತ್ತದೆ. ಹೊರಗಿನಿಂದ ನೋಡುವವರಿಗೆ ಮಾತ್ರ ಯಾರಿಂದ ನಿಂತಿತು ಅಂತ ತಿಳಿಯುವುದಿಲ್ಲ.

ರೆಕಾರ್ಡಿಂಗ್‌ನಲ್ಲಿ ಎತ್ತಿಕೊಡುವ ಕೆಲಸಕ್ಕೆ ಕ್ಯಾಪ್ಚರ್ ಅನ್ನುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಬಿಡಿಸಿದ ಚಿತ್ರವನ್ನು ಹಿಡಿದು, ಅದರ ಮೇಲೆ ನಿಮ್ಮ ವೆಬ್‌ಕ್ಯಾಮ್, ಹೆಸರಿನ ಪಟ್ಟಿ ಎಲ್ಲ ಜೋಡಿಸುವ ಕೆಲಸ ಇದು. ಈ ಜೋಡಣೆ ನಡೆಯುವುದೂ ಅದೇ ಗ್ರಾಫಿಕ್ಸ್ ಕಾರ್ಡಿನಲ್ಲಿ. ಈ ಮಾತು ಮುಂದೆ ಬೇಕಾಗುತ್ತದೆ.

ಮಡಚುವ ಕೆಲಸವೇ ಎನ್‌ಕೋಡಿಂಗ್. ಅದು ಯಾಕೆ ಬೇಕು ಅನ್ನುವುದಕ್ಕೆ ಒಂದು ಲೆಕ್ಕ ಸಾಕು. 1920 ಅಡ್ಡ, 1080 ಉದ್ದದ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿವೆ. ಚುಕ್ಕಿಗೆ 3 ಬೈಟ್ ಅಂದರೆ ಒಂದು ಫ್ರೇಮ್ 6.2 ಎಂಬಿ. ಸೆಕೆಂಡಿಗೆ 60 ಫ್ರೇಮ್ ಅಂದರೆ 373 ಎಂಬಿ. ಒಂದು ನಿಮಿಷಕ್ಕೆ 22 ಜಿಬಿ! ಹೀಗೆ ಬರೆಯುತ್ತಾ ಹೋದರೆ ಒಂದು ಪಂದ್ಯ ಮುಗಿಯುವ ಮೊದಲೇ ಡಿಸ್ಕ್ ತುಂಬುತ್ತದೆ. ಎನ್‌ಕೋಡರ್ ಏನು ಮಾಡುತ್ತದೆ ಅಂದರೆ, ಹಿಂದಿನ ಫ್ರೇಮಿಗೂ ಈ ಫ್ರೇಮಿಗೂ ಏನು ಬದಲಾಗಿದೆ ಅಂತ ಹುಡುಕಿ ಅದನ್ನಷ್ಟೇ ಬರೆದುಕೊಳ್ಳುತ್ತದೆ. ಆಕಾಶ ಹಾಗೇ ಇದೆಯಾ, ಬಿಡು. ಕಾರು ನಾಲ್ಕು ಚುಕ್ಕಿ ಎಡಕ್ಕೆ ಸರಿದಿದೆಯಾ, ಅದನ್ನು ಬರೆ. ಹೀಗೆ 373 ಎಂಬಿಯ ಜಾಗದಲ್ಲಿ 5 ಎಂಬಿ ಸಾಕಾಗುತ್ತದೆ. ಆದರೆ ಈ ಹುಡುಕಾಟವೇ ದೊಡ್ಡ ದುಡಿಮೆ.

ಮೂರನೆಯದು ಡಿಸ್ಕಿಗೆ ಬರೆಯುವುದು. ಮೂರರಲ್ಲಿ ಜನ ಮೊದಲು ಬೈಯುವುದು ಇದನ್ನೇ. ನಿಜವಾಗಿ ತಪ್ಪು ಮಾಡುವುದು ತೀರಾ ಕಡಿಮೆ.

## ಮೊದಲು ಫೈಲ್ ನೋಡುವ ಬಗೆಯನ್ನೇ ಅನುಮಾನಿಸಿ

ರೆಕಾರ್ಡಿಂಗ್ ಚೆನ್ನಾಗಿಯೇ ಇದ್ದು, ತೋರಿಸುವ ಪ್ಲೇಯರ್ ಸೋಲುತ್ತಿರಬಹುದು. ಎಚ್‌ಇವಿಸಿ, ಎವಿ1 ಎಂಬ ಹೊಸ ಬಗೆಯ ಮಡಿಕೆಗಳನ್ನು ಬಿಚ್ಚಲು ಹಳೆಯ ಯಂತ್ರಗಳು ಏದುಸಿರು ಬಿಡುತ್ತವೆ. ಎಡಿಟಿಂಗ್ ತಂತ್ರಾಂಶದ ಪ್ರಿವ್ಯೂ ಕಿಟಕಿಯಂತೂ ಆಗಾಗ ಫ್ರೇಮ್ ಹಾರಿಸುತ್ತಲೇ ಇರುತ್ತದೆ. ಅದನ್ನು ನೋಡಿ ರೆಕಾರ್ಡಿಂಗ್ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಯೂಟ್ಯೂಬ್‌ಗೆ ಹಾಕಿದ ತಕ್ಷಣ ನೋಡಿದರೂ ಇದೇ ಮೋಸ. ಶುರುವಿನಲ್ಲಿ ಕಡಿಮೆ ಗುಣಮಟ್ಟದ ಪ್ರತಿ ಮಾತ್ರ ಸಿದ್ಧವಾಗಿರುತ್ತದೆ. ಅಲ್ಲಿ 60 ಎಫ್‌ಪಿಎಸ್ ಸಿಗುವುದು 720 ಚುಕ್ಕಿ ಎತ್ತರದ ಮತ್ತು ಅದಕ್ಕೂ ಮೇಲಿನ ಪ್ರತಿಗಳಲ್ಲಿ.

ಪತ್ತೆಗೆ ಒಂದು ಸುಲಭದ ದಾರಿ ಇದೆ. ವಿಎಲ್‌ಸಿ ಪ್ಲೇಯರಿನಲ್ಲಿ ಫೈಲ್ ತೆರೆದು, ಕುಂಟುವ ಜಾಗದಲ್ಲಿ ನಿಲ್ಲಿಸಿ, ಕೀಬೋರ್ಡಿನ ‘ಇ’ ಅಕ್ಷರವನ್ನು ಒತ್ತುತ್ತಾ ಹೋಗಿ. ಒತ್ತಿದಾಗೆಲ್ಲ ಒಂದೇ ಒಂದು ಫ್ರೇಮ್ ಮುಂದೆ ಹೋಗುತ್ತದೆ. ಪ್ರತಿ ಒತ್ತಿಗೂ ಚಿತ್ರ ಸ್ವಲ್ಪ ಸ್ವಲ್ಪ ಸರಿದರೆ ಫೈಲ್ ಆರೋಗ್ಯವಾಗಿದೆ, ತಪ್ಪು ಪ್ಲೇಯರಿನದು. ಎರಡು ಮೂರು ಸಲ ಒತ್ತಿದರೂ ಚಿತ್ರ ಅಲ್ಲಾಡದೆ, ಆಮೇಲೆ ಒಮ್ಮೆಲೇ ಹಾರಿದರೆ ನಕಲು ಫ್ರೇಮ್ ಸಿಕ್ಕಿಬಿತ್ತು ಅಂತ ಲೆಕ್ಕ.

ನನ್ನ ರೇಸ್ ಫೈಲಿನಲ್ಲಿ ಬೇಲಿಯ ಒಂದು ಕಂಬದ ಮೇಲೆ ಕಣ್ಣಿಟ್ಟು ಒತ್ತಿದೆ. ಸರಿಯಿತು, ಸರಿಯಿತು, ನಿಂತಿತು, ನಿಂತಿತು, ದೊಡ್ಡ ಜಿಗಿತ. ಮತ್ತೆ ಸರಿಯಿತು, ನಿಂತಿತು. ಇನ್ನು ಪ್ಲೇಯರನ್ನು ಬೈಯುವ ಹಾಗಿರಲಿಲ್ಲ.

## ತಪ್ಪು ಯಾರದು ಅಂತ ಹೇಳುವ ಎರಡು ಸಾಲು

ಒಬಿಎಸ್ ಬಳಸುವವರಿಗೆ ಒಂದು ಅನುಕೂಲ ಇದೆ. ಅದರಲ್ಲಿ ‘ಸ್ಟ್ಯಾಟ್ಸ್’ ಎಂಬ ಚಿಕ್ಕ ಕಿಟಕಿ ಸಿಗುತ್ತದೆ. ರೆಕಾರ್ಡಿಂಗ್ ನಡೆಯುವಾಗ ಅದನ್ನು ತೆರೆದಿಡಿ. ಅಲ್ಲಿ ಎರಡು ಸಾಲು ಮುಖ್ಯ. ಒಂದು, ರೆಂಡರಿಂಗ್ ಲ್ಯಾಗ್‌ನಿಂದ ತಪ್ಪಿದ ಫ್ರೇಮ್‌ಗಳು. ಇನ್ನೊಂದು, ಎನ್‌ಕೋಡಿಂಗ್ ಲ್ಯಾಗ್‌ನಿಂದ ಬಿಟ್ಟುಹೋದ ಫ್ರೇಮ್‌ಗಳು. ಮೊದಲನೆಯದು ಏರುತ್ತಿದ್ದರೆ ಎತ್ತಿಕೊಡುವವನಿಗೆ ಸಮಯ ಸಿಗುತ್ತಿಲ್ಲ. ಎರಡನೆಯದು ಏರುತ್ತಿದ್ದರೆ ಮಡಚುವವನು ಸೋತಿದ್ದಾನೆ. ನೆಟ್‌ವರ್ಕ್‌ನಿಂದ ತಪ್ಪಿದ ಫ್ರೇಮ್‌ಗಳ ಲೆಕ್ಕವೂ ಅಲ್ಲಿರುತ್ತದೆ. ಅದು ಲೈವ್ ಮಾಡುವವರ ತಲೆನೋವು, ಫೈಲಿಗೆ ರೆಕಾರ್ಡ್ ಮಾಡುವವರಿಗೆ ಸಂಬಂಧವಿಲ್ಲ.

ರೆಕಾರ್ಡಿಂಗ್ ಮುಗಿದ ಮೇಲೂ ಇದೇ ಅಂಕಿಗಳು ಒಬಿಎಸ್ ತಾನೇ ಬರೆದಿಡುವ ಲಾಗ್ ಎಂಬ ದಾಖಲೆ ಫೈಲಿನ ಕೊನೆಯಲ್ಲಿ ಶೇಕಡಾ ಲೆಕ್ಕದಲ್ಲಿ ಸಿಗುತ್ತವೆ. ಹೆಲ್ಪ್ ಮೆನುವಿನಿಂದ ಲಾಗ್ ತೆರೆಯಬಹುದು. ಬೇರೆ ರೆಕಾರ್ಡರ್ ಬಳಸುವವರು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ನೋಡಿ ಊಹಿಸಬೇಕು: ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಡಿಸ್ಕ್, ಇವುಗಳಲ್ಲಿ ಯಾವುದು ನೂರರ ಹತ್ತಿರ ನಿಂತಿದೆ ಅಂತ.

ಈ ಅಂಕಿ ನೋಡುವ ಮೊದಲು ಒಂದು ಸೆಟ್ಟಿಂಗನ್ನೂ ಮುಟ್ಟಬೇಡಿ. ನಾನು ನೋಡದೆ ಹನ್ನೆರಡು ಸೆಟ್ಟಿಂಗ್ ಬದಲಿಸಿ, ಆಮೇಲೆ ಯಾವುದು ಮೊದಲು ಹೇಗಿತ್ತು ಅಂತ ಮರೆತು, ಎಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡಿದವನು.

## ಎತ್ತಿಕೊಡುವವನಿಗೆ ದಾರಿ ಸಿಗದಿದ್ದಾಗ

ನನ್ನ ಸ್ಟ್ಯಾಟ್ಸ್ ಕಿಟಕಿಯಲ್ಲಿ ಕೆಂಪಾಗಿದ್ದದ್ದು ಮೊದಲನೇ ಸಾಲು, ರೆಂಡರಿಂಗ್ ಲ್ಯಾಗ್. ಟಾಸ್ಕ್ ಮ್ಯಾನೇಜರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಶೇಕಡಾ 99ರಲ್ಲಿ ನಿಂತಿತ್ತು.

ಗೇಮಿಗೆ ಮಿತಿ ಹಾಕದಿದ್ದರೆ ಅದು ಕಾರ್ಡಿನ ಪೂರ್ತಿ ತಾಕತ್ತನ್ನು ಬಳಸಿಕೊಂಡು ಎಷ್ಟಾಗುತ್ತೋ ಅಷ್ಟು ಫ್ರೇಮ್ ಬಿಡಿಸುತ್ತಾ ಹೋಗುತ್ತದೆ. ನನ್ನ ಗೇಮ್ 150, 160 ಎಫ್‌ಪಿಎಸ್ ತನಕ ಓಡುತ್ತಿತ್ತು. ಪರದೆ ತೋರಿಸಬಲ್ಲದ್ದು ಸೆಕೆಂಡಿಗೆ 144. ರೆಕಾರ್ಡಿಂಗ್‌ಗೆ ಬೇಕಾದ್ದು ಬರೀ 60. ಉಳಿದದ್ದೆಲ್ಲ ಯಾರೂ ನೋಡದ ಚಿತ್ರ. ಅವನ್ನು ಬಿಡಿಸುವ ಗಡಿಬಿಡಿಯಲ್ಲಿ ಒಬಿಎಸ್ ತನ್ನ ಚಿಕ್ಕ ಜೋಡಣೆ ಕೆಲಸಕ್ಕೆ ಸರದಿಯಲ್ಲಿ ಕಾಯುತ್ತಾ ನಿಂತಿರುತ್ತದೆ. ಸರದಿ ಬರುವಷ್ಟರಲ್ಲಿ 16.7 ಮಿಲಿಸೆಕೆಂಡ್ ಮುಗಿದಿರುತ್ತದೆ. ಆಡುವವನಿಗೆ ಇದು ಗೊತ್ತೇ ಆಗುವುದಿಲ್ಲ. ಯಾಕಂದರೆ ಗೇಮಿನ ಫ್ರೇಮ್‌ಗಳು ಪರದೆಗೆ ಸರಿಯಾಗಿಯೇ ಹೋಗುತ್ತಿವೆ. ತಪ್ಪುತ್ತಿರುವುದು ರೆಕಾರ್ಡರಿನ ಪಾಲು ಮಾತ್ರ.

ಪರಿಹಾರ ಸರಳ: ಗೇಮಿನ ಎಫ್‌ಪಿಎಸ್‌ಗೆ ಮಿತಿ ಹಾಕುವುದು. ಹೆಚ್ಚಿನ ಗೇಮ್‌ಗಳ ಸೆಟ್ಟಿಂಗ್‌ನಲ್ಲೇ ಫ್ರೇಮ್ ರೇಟ್ ಲಿಮಿಟ್ ಇರುತ್ತದೆ. ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹಾಕಬಹುದು. ಕಾರ್ಡಿನ ಬಳಕೆ 99ರಿಂದ 90ರ ಒಳಗೆ ಬಂದರೆ ರೆಕಾರ್ಡರಿಗೆ ಉಸಿರಾಡಲು ಜಾಗ ಸಿಗುತ್ತದೆ. ಮಿತಿ ಹಾಕಿದರೂ ಬಳಕೆ ಇಳಿಯದಿದ್ದರೆ ನೆರಳು, ಪ್ರತಿಬಿಂಬ, ಬೆಳಕಿನ ಕಿರಣಗಳ ದಾರಿಯನ್ನೇ ಲೆಕ್ಕ ಹಾಕುವ ರೇ ಟ್ರೇಸಿಂಗ್‌ನಂಥ ಭಾರದ ಸೆಟ್ಟಿಂಗ್‌ಗಳನ್ನು ಒಂದು ಮೆಟ್ಟಿಲು ಇಳಿಸಬೇಕು.

ವಿಂಡೋಸ್‌ನಲ್ಲಿ ಒಬಿಎಸ್ ಅನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದರೂ ಉಪಯೋಗವಾಗುತ್ತದೆ. ಆಗ ಕಾರ್ಡಿನ ಸರದಿಯಲ್ಲಿ ಒಬಿಎಸ್‌ಗೆ ಮುಂದಿನ ಜಾಗ ಸಿಗುತ್ತದೆ. ಇದೇನೋ ಮಂತ್ರದಂತೆ ಕೇಳಿಸಬಹುದು, ಆದರೆ ಕೆಲಸ ಮಾಡುತ್ತದೆ.

ಚಿತ್ರ ಹಿಡಿಯುವ ಬಗೆಯನ್ನೂ ನೋಡಿಕೊಳ್ಳಿ. ಇಡೀ ಪರದೆ ಹಿಡಿಯುವ ‘ಡಿಸ್‌ಪ್ಲೇ ಕ್ಯಾಪ್ಚರ್’ಗಿಂತ, ಗೇಮಿನ ಕೈಯಿಂದಲೇ ಫ್ರೇಮ್ ತೆಗೆದುಕೊಳ್ಳುವ ‘ಗೇಮ್ ಕ್ಯಾಪ್ಚರ್’ ಹಗುರ. ಎರಡನ್ನೂ ಒಬಿಎಸ್‌ನ ಒಂದೇ ಸೀನ್‌ನಲ್ಲಿ, ಅಂದರೆ ಒಂದೇ ಜೋಡಣೆಯಲ್ಲಿ ಹಾಕಿಟ್ಟು ಒಂದನ್ನು ಇನ್ನೊಂದರ ಹಿಂದೆ ಅಡಗಿಸಿದ್ದರೆ, ಕಾಣದಿದ್ದರೂ ಅದಕ್ಕೆ ಕೆಲಸ ನಡೆಯುತ್ತಲೇ ಇರುತ್ತದೆ. ಬೇಡದ್ದನ್ನು ತೆಗೆದುಹಾಕಿ.

## ಮಡಚುವವನು ಸೋತಾಗ

ಎರಡನೇ ಸಾಲು ಏರುತ್ತಿದ್ದರೆ, ಅಥವಾ ಒಬಿಎಸ್‌ನ ಕೆಳಗಡೆ ‘ಎನ್‌ಕೋಡಿಂಗ್ ಓವರ್‌ಲೋಡೆಡ್’ ಅಂತ ಎಚ್ಚರಿಕೆ ಬಂದರೆ, ಎನ್‌ಕೋಡರ್ ಯಾವುದು ಅಂತ ನೋಡಬೇಕು.

ಎನ್‌ಕೋಡಿಂಗನ್ನು ಎರಡು ಕಡೆ ಮಾಡಿಸಬಹುದು. ಒಂದು, ಪ್ರೊಸೆಸರಿನಲ್ಲಿ. ಎಕ್ಸ್264 ಅಂತ ಕಾಣುವುದು ಇದೇ. ಆದರೆ ಗೇಮ್ ಕೂಡ ಅದೇ ಪ್ರೊಸೆಸರನ್ನು ಬಳಸುತ್ತದೆ. ಒಬ್ಬನೇ ಬಟ್ಟೆ ಒಗೆಯುತ್ತಲೂ ಇರಬೇಕು, ಮಡಚುತ್ತಲೂ ಇರಬೇಕು ಅಂದ ಹಾಗೆ. ಇನ್ನೊಂದು, ಇದಕ್ಕೆಂದೇ ಚಿಪ್ಪಿನಲ್ಲಿ ಕೊರೆದಿಟ್ಟ ಬೇರೆ ಮೂಲೆ. ಇಂಟೆಲ್ 2011ರಲ್ಲಿ ತನ್ನ ಪ್ರೊಸೆಸರುಗಳಿಗೆ ಕ್ವಿಕ್ ಸಿಂಕ್ ಎಂಬ ಇಂಥ ಮೂಲೆ ಸೇರಿಸಿತು. ಎನ್‌ವಿಡಿಯಾ 2012ರಲ್ಲಿ ಕೆಪ್ಲರ್ ಪೀಳಿಗೆಯ ಕಾರ್ಡ್‌ಗಳಿಗೆ ಎನ್‌ವೆಂಕ್ ತಂದಿತು. ಎಎಂಡಿ ಕಾರ್ಡ್‌ಗಳಲ್ಲೂ ಇಂಥದ್ದೇ ಇದೆ. ಈ ಮೂಲೆಗೆ ಮಡಚುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಅದಕ್ಕೇ ಗೇಮಿನ ವೇಗಕ್ಕೆ ಅದರಿಂದ ಬೀಳುವ ಪೆಟ್ಟು ತುಂಬಾ ಚಿಕ್ಕದು.

ಗೇಮ್ ಆಡುತ್ತಲೇ ಅದೇ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವವರು ಎಕ್ಸ್264 ಬಿಟ್ಟು ಈ ಹಾರ್ಡ್‌ವೇರ್ ಎನ್‌ಕೋಡರ್‌ಗೆ ಹೋಗುವುದು ಒಳ್ಳೆಯದು. ಎಷ್ಟೋ ಸಲ ಇಷ್ಟಕ್ಕೇ ತೊಂದರೆ ಮುಗಿಯುತ್ತದೆ. ಎಕ್ಸ್264 ಬಿಡಲು ಆಗುವುದೇ ಇಲ್ಲ ಅನ್ನುವವರು ಪ್ರಿಸೆಟ್ ಎಂಬ ಮೊದಲೇ ಹೊಂದಿಸಿಟ್ಟ ಆಯ್ಕೆಯನ್ನು ‘ವೆರಿಫಾಸ್ಟ್’ನಿಂದ ‘ಸೂಪರ್‌ಫಾಸ್ಟ್’ಗೋ ‘ಅಲ್ಟ್ರಾಫಾಸ್ಟ್’ಗೋ ತರಬೇಕು. ಹೆಸರು ನೋಡಿ ಮೋಸ ಹೋಗಬೇಡಿ. ಫಾಸ್ಟ್ ಅಂದರೆ ವಿಡಿಯೊ ವೇಗವಾಗುತ್ತದೆ ಅಂತಲ್ಲ. ಎನ್‌ಕೋಡರ್ ಕಡಿಮೆ ಹುಡುಕಿ, ಬೇಗ ಮಡಚಿ, ಸ್ವಲ್ಪ ದಪ್ಪ ಗಂಟು ಕಟ್ಟುತ್ತದೆ ಅಂತ.

ಹಾರ್ಡ್‌ವೇರ್ ಎನ್‌ಕೋಡರ್ ಪಟ್ಟಿಯಲ್ಲೇ ಕಾಣದಿದ್ದರೆ? ಡ್ರೈವರ್, ಅಂದರೆ ಚಿಪ್ಪನ್ನು ನಡೆಸುವ ತಂತ್ರಾಂಶ, ಹಳೆಯದಾಗಿರಬಹುದು. ಇಲ್ಲವೇ ಚಿಪ್ಪಿನಲ್ಲೇ ಆ ಮೂಲೆ ಇಲ್ಲದಿರಬಹುದು. ಎನ್‌ವಿಡಿಯಾದ ಜಿಟಿ 1030ರಲ್ಲಿ ಎನ್‌ವೆಂಕ್ ಇಲ್ಲ. ಎಎಂಡಿಯ ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿಯಲ್ಲೂ ಎನ್‌ಕೋಡರ್ ಕೊಟ್ಟಿಲ್ಲ. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗಿನ ಗ್ರಾಫಿಕ್ಸ್ ಬಳಕೆಗೆ ಸಿಗುವುದಿಲ್ಲ, ಹಾಗಾಗಿ ಕ್ವಿಕ್ ಸಿಂಕೂ ಸಿಗುವುದಿಲ್ಲ. ಇಂಥ ಯಂತ್ರದವರು ಸೆಟ್ಟಿಂಗ್ ಹುಡುಕುತ್ತಾ ರಾತ್ರಿ ಕಳೆದರೂ ಪ್ರಯೋಜನವಿಲ್ಲ.

ಹಾರ್ಡ್‌ವೇರ್ ಎನ್‌ಕೋಡರ್ ಇದ್ದೂ ಅದು ಸೋಲುತ್ತಿದೆಯಾ? ಆಗ ಕೆಲಸದ ಗಾತ್ರ ನೋಡಿ. 4ಕೆ ಪರದೆಯಲ್ಲಿ 1080ರ ನಾಲ್ಕು ಪಟ್ಟು ಚುಕ್ಕಿಗಳಿವೆ. ಔಟ್‌ಪುಟ್ ಗಾತ್ರವನ್ನು 1440ಕ್ಕೋ 1080ಕ್ಕೋ ಇಳಿಸಿ. ಎನ್‌ವೆಂಕ್‌ನಲ್ಲಿ ಪಿ1ರಿಂದ ಪಿ7ರ ತನಕ ಮೆಟ್ಟಿಲುಗಳಿವೆ. ಸಂಖ್ಯೆ ಹೆಚ್ಚಿದಷ್ಟೂ ಹುಡುಕಾಟ ಜಾಸ್ತಿ. ಪಿ7 ಹಾಕಿದವರು ಪಿ4ಕ್ಕೆ ಬಂದು ನೋಡಿ, ವ್ಯತ್ಯಾಸ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ‘ಲುಕ್-ಅಹೆಡ್’ ಎಂಬ ಗುಂಡಿ ಒತ್ತಿದ್ದರೆ ತೆಗೆಯಿರಿ. ಅದು ಗೇಮ್ ಬಳಸುವ ಭಾಗಕ್ಕೇ ಕೈ ಹಾಕುತ್ತದೆ.

ಗುಣಮಟ್ಟದ ಮಾತಿಗೆ ಬಂದರೆ, ರೆಕಾರ್ಡಿಂಗ್‌ಗೆ ಬಿಟ್‌ರೇಟ್ ಕಟ್ಟಿಹಾಕುವುದಕ್ಕಿಂತ ಸಿಕ್ಯುಪಿ ಎಂಬ ಆಯ್ಕೆ ವಾಸಿ. ಅದರಲ್ಲಿ ‘ಇಷ್ಟು ಗುಣ ಇರಲಿ, ಎಷ್ಟು ಜಾಗ ಬೇಕೋ ತಗೋ’ ಅಂತ ಹೇಳಿದ ಹಾಗೆ. ಸಂಖ್ಯೆ ಕಡಿಮೆಯಾದಷ್ಟು ಗುಣ ಹೆಚ್ಚು, ಫೈಲ್ ದೊಡ್ಡದು. 18ರಿಂದ 23ರ ಒಳಗೆ ಎಲ್ಲಾದರೂ ಇಟ್ಟರೆ ಸಾಕು.

## ಡಿಸ್ಕ್ ಬಗ್ಗೆ ಎರಡು ಮಾತು

40 ಮೆಗಾಬಿಟ್‌ನ ರೆಕಾರ್ಡಿಂಗ್ ಅಂದರೆ ಸೆಕೆಂಡಿಗೆ 5 ಎಂಬಿ, ಗಂಟೆಗೆ 18 ಜಿಬಿ. ಸಾಮಾನ್ಯ ಹಾರ್ಡ್ ಡಿಸ್ಕ್ ಕೂಡ ಇದನ್ನು ಆರಾಮಾಗಿ ಬರೆಯುತ್ತದೆ. ಅದೇ ಡಿಸ್ಕಿನಿಂದ ಗೇಮ್ ಕೂಡ ಹೊಸ ನಕ್ಷೆ, ಹೊಸ ಕಟ್ಟಡ ಎಳೆದುಕೊಳ್ಳುತ್ತಿದ್ದರೆ ಮಾತ್ರ ಅದರ ಮುಳ್ಳು ಅತ್ತ ಇತ್ತ ಓಡಿ ಸುಸ್ತಾಗುತ್ತದೆ. ಗೇಮ್ ಒಂದು ಡ್ರೈವಿನಲ್ಲಿ, ರೆಕಾರ್ಡಿಂಗ್ ಇನ್ನೊಂದರಲ್ಲಿ ಇಟ್ಟರೆ ಮುಗಿಯಿತು. ಪೆನ್‌ಡ್ರೈವಿಗೆ ಬರೆಯಬೇಡಿ. ಕ್ಲೌಡ್‌ಗೆ ತಾನಾಗಿ ನಕಲಾಗುವ ಫೋಲ್ಡರಿಗೂ ಬೇಡ. ಫೈಲ್ ಬಗೆ ಎಂಕೆವಿ ಇರಲಿ. ನಡುವೆ ಕರೆಂಟ್ ಹೋದರೂ ಅಷ್ಟರ ತನಕದ್ದು ಉಳಿಯುತ್ತದೆ. ಆಮೇಲೆ ಒಬಿಎಸ್‌ನಲ್ಲೇ ಅದನ್ನು ಎಂಪಿ4 ಮಾಡಿಕೊಳ್ಳಬಹುದು.

## ಅಂಕಿಗಳೆಲ್ಲ ಸೊನ್ನೆ, ಆದರೂ ಕುಂಟುತ್ತಿದೆ

ಹೆಚ್ಚಿನವರು ಕೈಚೆಲ್ಲುವುದು ಇಲ್ಲಿ. ನಾನೂ ಚೆಲ್ಲಿದ್ದೆ. ಗೇಮಿಗೆ 144ರ ಮಿತಿ ಹಾಕಿದ ಮೇಲೆ ಸ್ಟ್ಯಾಟ್ಸ್‌ನಲ್ಲಿ ತಪ್ಪಿದ ಫ್ರೇಮ್ ಸೊನ್ನೆ. ದೊಡ್ಡ ಜಿಗಿತಗಳು ಹೋದವು. ಆದರೆ ಬೇಲಿ ಇನ್ನೂ ಸಣ್ಣಗೆ ನಡುಗುತ್ತಿತ್ತು. ವಿಎಲ್‌ಸಿಯಲ್ಲಿ ಒತ್ತಿ ನೋಡಿದರೆ ನಕಲು ಫ್ರೇಮ್ ಒಂದೂ ಇಲ್ಲ. ಪ್ರತಿ ಒತ್ತಿಗೂ ಕಂಬ ಸರಿಯುತ್ತಿದೆ. ಸರಿಯುವ ದೂರ ಮಾತ್ರ ಒಂದೇ ಸಮ ಇಲ್ಲ: ಚಿಕ್ಕದು, ದೊಡ್ಡದು, ಚಿಕ್ಕದು, ದೊಡ್ಡದು, ಚಿಕ್ಕದು.

ಇದರ ಗುಟ್ಟು ಭಾಗಾಕಾರದಲ್ಲಿದೆ. 144ನ್ನು 60ರಿಂದ ಭಾಗಿಸಿದರೆ 2.4. ಅಂದರೆ ರೆಕಾರ್ಡಿಂಗ್‌ನ ಒಂದು ಫ್ರೇಮಿನ ಹೊತ್ತಿಗೆ ಗೇಮ್ 2.4 ಫ್ರೇಮ್ ಬಿಡಿಸುತ್ತದೆ. ಅರ್ಧಂಬರ್ಧ ಫ್ರೇಮ್ ಎತ್ತಿಕೊಳ್ಳಲು ಆಗುವುದಿಲ್ಲ ಅಲ್ವಾ? ಹಾಗಾಗಿ ರೆಕಾರ್ಡರ್ ಒಮ್ಮೆ ಎರಡು ಫ್ರೇಮ್ ದಾಟಿ ಎತ್ತಿಕೊಳ್ಳುತ್ತದೆ, ಒಮ್ಮೆ ಮೂರು ದಾಟಿ. 2, 3, 2, 3, 2. ಗೇಮಿನೊಳಗೆ ಕಳೆದ ಕಾಲ ಒಮ್ಮೆ 13.9 ಮಿಲಿಸೆಕೆಂಡ್, ಒಮ್ಮೆ 20.8. ಆದರೆ ನೋಡುವಾಗ ಎರಡನ್ನೂ 16.7 ಮಿಲಿಸೆಕೆಂಡಿನಂತೆ ತೋರಿಸಲಾಗುತ್ತದೆ. ಒಬ್ಬ ಒಂದೇ ವೇಗದಲ್ಲಿ ನಡೆಯುತ್ತಿದ್ದಾನೆ, ನೀವು ಹೊತ್ತು ತಪ್ಪಿ ಫೋಟೊ ತೆಗೆದು, ಆಮೇಲೆ ಅವನ್ನು ಸಮ ಅಂತರದಲ್ಲಿ ಜೋಡಿಸಿದರೆ ಅವನು ಎಡವುತ್ತಾ ನಡೆದ ಹಾಗೆ ಕಾಣುತ್ತಾನೆ. ಇದೂ ಹಾಗೇ.

ಹಾಗಾಗಿ ಮಿತಿ ಹಾಕುವಾಗ 60ರ ಪೂರ್ತಿ ಮಡಿಯನ್ನೇ ಹಾಕಬೇಕು: 60, 120, ಯಂತ್ರಕ್ಕೆ ತ್ರಾಣ ಇದ್ದರೆ 180. 120 ಆದರೆ ಪ್ರತಿ ಸಲವೂ ಸರಿಯಾಗಿ ಎರಡನೇ ಫ್ರೇಮ್ ಸಿಗುತ್ತದೆ. ಗೇಮ್ 50ರಲ್ಲೇ ಓಡುತ್ತಿದ್ದರೆ ತೊಂದರೆ ಇನ್ನೊಂದು ಬಗೆಯದು. 60 ಜಾಗಕ್ಕೆ 50 ಚಿತ್ರ, ಹಾಗಾಗಿ ಸೆಕೆಂಡಿಗೆ 10 ನಕಲು. ಇದು ಸ್ಟ್ಯಾಟ್ಸ್‌ನಲ್ಲಿ ಕಾಣುವುದಿಲ್ಲ. ಯಾಕಂದರೆ ರೆಕಾರ್ಡರ್ ತನ್ನ ಕೆಲಸ ತಪ್ಪಿಸಿಲ್ಲ, ಗೇಮ್ ಹೊಸದು ಕೊಟ್ಟಿಲ್ಲ. ಇಂಥ ಯಂತ್ರದಲ್ಲಿ ಗೇಮನ್ನೂ ರೆಕಾರ್ಡಿಂಗನ್ನೂ 30ಕ್ಕೆ ಕಟ್ಟಿಹಾಕಿದರೆ, ಕಡಿಮೆ ಫ್ರೇಮಿನಲ್ಲೂ ವಿಡಿಯೊ ಹೆಚ್ಚು ನುಣುಪಾಗಿ ಕಾಣುತ್ತದೆ.

ಜಿ-ಸಿಂಕ್, ಫ್ರೀಸಿಂಕ್ ಇರುವ ಪರದೆಗಳು ಈ ಗೊಂದಲವನ್ನು ಇನ್ನೂ ಮುಚ್ಚಿಡುತ್ತವೆ. ಗೇಮ್ ಫ್ರೇಮ್ ಕೊಟ್ಟಾಗ ಮಾತ್ರ ಪರದೆ ಬದಲಾಗುವಂತೆ ಅವು ತಾಳ ಹೊಂದಿಸಿಕೊಳ್ಳುತ್ತವೆ. 52ಕ್ಕೆ ಇಳಿದರೂ 97ಕ್ಕೆ ಏರಿದರೂ ಆಡುವವನಿಗೆ ನಯವಾಗಿಯೇ ಕಾಣುತ್ತದೆ. ವಿಡಿಯೊ ಫೈಲಿಗೆ ಆ ಉಪಕಾರ ಮಾಡುವವರು ಯಾರೂ ಇಲ್ಲ. ‘ಆಡುವಾಗ ಚೆನ್ನಾಗಿತ್ತು’ ಅನ್ನುವ ಮಾತು ನಿಜವಿದ್ದೂ ರೆಕಾರ್ಡಿಂಗ್ ಕೆಡುವುದು ಹೀಗೆ.

ಇದೇ ಭಾಗಾಕಾರ ಎಡಿಟಿಂಗ್‌ನಲ್ಲೂ ಕಾಡುತ್ತದೆ. 60ರ ಫೈಲನ್ನು 30ರ ಟೈಮ್‌ಲೈನಿಗೆ ಹಾಕಿದರೆ ತೊಂದರೆಯಿಲ್ಲ. 24ರ ಟೈಮ್‌ಲೈನಿಗೆ ಹಾಕಿದರೆ 2.5 ಬರುತ್ತದೆ, ಮತ್ತೆ ಎಡವುವ ನಡಿಗೆ.

## ಲ್ಯಾಪ್‌ಟಾಪಿನ ತಾಪತ್ರಯ

ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಇರುತ್ತವೆ. ಪ್ರೊಸೆಸರಿನೊಳಗೆ ಚಿಕ್ಕದೊಂದು, ಬೇರೆಯಾಗಿ ದೊಡ್ಡದೊಂದು. ಗೇಮ್ ದೊಡ್ಡದರಲ್ಲಿ, ಒಬಿಎಸ್ ಚಿಕ್ಕದರಲ್ಲಿ ಓಡುತ್ತಿದ್ದರೆ ಒಂದರಿಂದ ಫ್ರೇಮ್ ಎತ್ತಿ ಇನ್ನೊಂದಕ್ಕೆ ಸಾಗಿಸಬೇಕು. ಎಷ್ಟೋ ಸಲ ಸಾಗುವುದೇ ಇಲ್ಲ, ಕಪ್ಪು ಪರದೆ ಬರುತ್ತದೆ. ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಗ್ರಾಫಿಕ್ಸ್ ಎಂಬಲ್ಲಿ ಪ್ರತಿ ಪ್ರೋಗ್ರಾಮಿಗೂ ಯಾವುದು ಅಂತ ಹೇಳಬಹುದು. ಗೇಮ್ ಕ್ಯಾಪ್ಚರ್ ಬಳಸುವುದಾದರೆ ಗೇಮನ್ನೂ ಒಬಿಎಸ್ಸನ್ನೂ ಒಂದೇ ಕಡೆ ಕೂರಿಸಿ.

ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಕುಂಟತೊಡಗಿದರೆ, ಸೆಟ್ಟಿಂಗ್ ಬಿಟ್ಟು ಬಿಸಿ ನೋಡಿ. ಚಿಪ್ಪು ಕಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಗಾಳಿ ಹೋಗುವ ಕಿಂಡಿಯ ಧೂಳು ತೆಗೆಯುವುದು, ಹಾಸಿಗೆ ಮೇಲೆ ಇಡದಿರುವುದು, ಚಾರ್ಜರ್ ಹಾಕಿಕೊಂಡೇ ಆಡುವುದು, ಇವು ಯಾವ ಸೆಟ್ಟಿಂಗಿಗೂ ಕಡಿಮೆಯಲ್ಲ.

## ಮುಖ ಮಾತ್ರ ಕುಂಟಿದರೆ, ಮಾತು ಹಿಂದೆ ಬಿದ್ದರೆ

ಗೇಮ್ ನಯವಾಗಿದ್ದು, ಮೂಲೆಯಲ್ಲಿರುವ ನಿಮ್ಮ ಮುಖ ಮಾತ್ರ ತಡವರಿಸುತ್ತಿದ್ದರೆ ಕೋಣೆಯ ದೀಪ ಹಾಕಿ. ತಮಾಷೆಯಲ್ಲ. ಮಂದ ಬೆಳಕಿನಲ್ಲಿ ವೆಬ್‌ಕ್ಯಾಮ್ ಪ್ರತಿ ಚಿತ್ರಕ್ಕೂ ಜಾಸ್ತಿ ಹೊತ್ತು ಬೆಳಕು ಹೀರಿಕೊಳ್ಳುತ್ತದೆ. ಹಾಗಾಗಿ ಸೆಕೆಂಡಿಗೆ 30 ಚಿತ್ರ ಕೊಡಬೇಕಾದ್ದು 15 ಕೊಡುತ್ತದೆ. ಕತ್ತಲೆಯಲ್ಲಿ ಬಣ್ಣದ ದೀಪ ಹಾಕಿಕೊಂಡು ಆಡುವವರಿಗೆ ಇದು ಮಾಮೂಲು.

ಚಿತ್ರ ಸರಿ ಇದ್ದು, ಎಡಿಟಿಂಗ್‌ಗೆ ಹಾಕಿದಾಗ ಮಾತು ನಿಧಾನವಾಗಿ ಹಿಂದೆ ಮುಂದೆ ಆಗುತ್ತಿದ್ದರೆ, ಅದು ಬದಲಾಗುವ ಫ್ರೇಮ್ ರೇಟಿನ ಫೈಲ್. ಫೋನ್‌ಗಳು, ಕೆಲವು ರೆಕಾರ್ಡರುಗಳು ಫ್ರೇಮ್ ಬಂದಾಗ ಮಾತ್ರ ಬರೆದು, ಬರದಿದ್ದಾಗ ಬಿಡುತ್ತವೆ. ಎಡಿಟಿಂಗ್ ತಂತ್ರಾಂಶ ಎಲ್ಲ ಫ್ರೇಮ್ ಸಮ ಅಂತರದಲ್ಲಿವೆ ಅಂದುಕೊಂಡು ಜೋಡಿಸಿದರೆ ಧ್ವನಿ ಬೇರೆ ದಾರಿ ಹಿಡಿಯುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಒಮ್ಮೆ ಪರಿವರ್ತಿಸಿಕೊಂಡರೆ ಸರಿಹೋಗುತ್ತದೆ.

## ಪರೀಕ್ಷೆ ಮಾಡುವ ಬಗೆ

ಗೇಮಿನಲ್ಲಿ ಭಾರದ ಜಾಗ ಒಂದನ್ನು ಗುರುತಿಸಿಕೊಳ್ಳಿ. ಪ್ರತಿ ಸಲವೂ ಅದೇ ದಾರಿಯಲ್ಲಿ ಎರಡು ನಿಮಿಷ ಓಡಾಡಿ ರೆಕಾರ್ಡ್ ಮಾಡಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಸ್ಟ್ಯಾಟ್ಸ್‌ನ ಎರಡು ಅಂಕಿ ಬರೆದಿಟ್ಟುಕೊಳ್ಳಿ. ಬ್ರೌಸರ್, ಚಾಟ್ ಕಿಟಕಿಗಳನ್ನು ಮುಚ್ಚಿ ಒಮ್ಮೆ, ತೆರೆದು ಒಮ್ಮೆ ನೋಡಿ. ಎರಡನೇ ಪರದೆಯಲ್ಲಿ ವಿಡಿಯೊ ಓಡುತ್ತಿದ್ದರೆ ಅದೂ ಗ್ರಾಫಿಕ್ಸ್ ಕಾರ್ಡಿನ ಪಾಲು ಕೇಳುತ್ತದೆ.

ನಾನು 120ರ ಮಿತಿ ಹಾಕಿ ಅದೇ ಟ್ರ್ಯಾಕಿನಲ್ಲಿ ಇನ್ನೊಮ್ಮೆ ಓಡಿಸಿದೆ. ಆ ಫೈಲಿನಲ್ಲಿ ಬೇಲಿಯ ಕಂಬಗಳು ಪ್ರತಿ ಒತ್ತಿಗೂ ಅಳೆದಂತೆ ಒಂದೇ ದೂರ ಸರಿದವು. ಆದರೆ ಆ ಸಲ ನಾಲ್ಕನೆಯವನಾದೆ. ಗೆದ್ದ ರೇಸ್‌ನ ಫೈಲ್ ಈಗಲೂ ಕುಪ್ಪಳಿಸುತ್ತಲೇ ಇದೆ. ನಡುವಿನ ಚಿತ್ರಗಳನ್ನು ಊಹಿಸಿ ತುಂಬುವ ಸೌಲಭ್ಯ ಎಡಿಟಿಂಗ್‌ನಲ್ಲಿ ಇದೆಯಲ್ಲ ಅಂತ ಅದನ್ನೂ ಮಾಡಿ ನೋಡಿದೆ. ಕಂಬಗಳು ರಬ್ಬರಿನ ಹಾಗೆ ಬಳುಕಿದವು.